ಗಲ್ಲದ ಮೇಲಿನ ಅರಿಶಿನ

ನನ್ನ ಗಲ್ಲದ ಮೊಡವೆ ಗುಳಿಗಳ ಬಗ್ಗೆ ಗಂಡನಾಗುವವನು ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಯಾಗುವವಳ ಕಣ್ಣಿಗೇ ಅವು ಚುಚ್ಚಿದವು. ಫೋಟೋದಲ್ಲಿ ನೋಡಿದ ಮಂದಿ ಏನಂದಾರು ಎಂಬುದೇ ಆಕೆಯ ಚಿಂತೆ. ಸೀರೆ ಆರಿಸುವ ನೆಪ ಹೇಳಿ ನನ್ನೊಬ್ಬಳನ್ನೇ ಬೈಲಹೊಂಗಲದಿಂದ ಕಿತ್ತೂರಿಗೆ ಕರೆಸಿಕೊಂಡು, ಹೈವೇ ಪಕ್ಕದ ಬ್ಯೂಟಿ ಪಾರ್ಲರಿನ ಮಹಡಿ ಹತ್ತಿಸಿದಳು. ಅಲ್ಲಿ ಡಾಕ್ಟರೂ ಇಲ್ಲ, ಮಣ್ಣೂ ಇಲ್ಲ. ಹುಬ್ಬು ತಿದ್ದುವ ಹೆಂಗಸೇ ಗುಳಿ ತುಂಬುವ ಇಂಜೆಕ್ಷನ್ನನ್ನೂ ಎರಡು ಗಲ್ಲಕ್ಕೆ ಚುಚ್ಚಿದಳು. ಗಾಯ ಆರುವ ತನಕ ಮುಖಕ್ಕೆ ಏನೂ ಹಚ್ಚಬಾರದು, ಯಾರೂ ಮುಟ್ಟಬಾರದು ಎಂದಳು. ಅತ್ತೆ ಗೋಣು ಹಾಕಿದಳು. ಹೊರಗೆ ಬಂದು, ತವರಲ್ಲಿ ಬಾಯಿ ಬಿಡಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಮರುದಿನವೇ ನಮ್ಮ ಮನೆಯಲ್ಲಿ ಅರಿಶಿನ ಹಚ್ಚುವುದಿತ್ತು. ಆ ದಿನ ಗೊತ್ತುಮಾಡಿದವಳೇ ಆಕೆ. ಒಂದೇ ಬಟ್ಟಲು, ಹತ್ತಾರು ಹೆಂಗಸರ ಕೈ. ನನ್ನ ಗಲ್ಲ ಆಗಲೇ ಉರಿಯುತ್ತಿತ್ತು. ಮೊದಲ ಕೈ ಅತ್ತೆಯದು. ಏನಾದರೂ ನೆಪ ಹೇಳಿ ತಡೆಯುತ್ತಾಳೆ ಎಂದು ಆಕೆಯ ಮುಖ ನೋಡಿದೆ. ಆಕೆ ಬಗ್ಗಿ, ನನಗಷ್ಟೇ ಕೇಳುವಂತೆ, "ಸುಮ್ಕ ಕುಂದ್ರ. ಮಂದಿ ನೋಡಾಕತ್ತಾರ," ಎಂದು ಸೂಜಿಯ ತೂತುಗಳ ಮೇಲೆಯೇ ಗಸಗಸ ತಿಕ್ಕಿದಳು. ಆ ಕೈಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಾಳಿ ಕಟ್ಟಿಸಿಕೊಂಡದ್ದು ಜ್ವರದಲ್ಲಿ. ಎಡಗಲ್ಲ ಬಾತು ಕಣ್ಣು ಮುಚ್ಚಿತ್ತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಸೂಜಿ ಹೊಲಸಿದ್ದುದಕ್ಕೋ, ಹಸಿ ಗಾಯಕ್ಕೆ ಅಷ್ಟು ಕೈ ತಾಗಿದ್ದಕ್ಕೋ, ಎರಡೂ ಇರಬಹುದು ಎಂದರು ಡಾಕ್ಟರು. ಗುಳಿಗಳಿದ್ದ ಜಾಗದಲ್ಲಿ ಗಂಟುಗಂಟಾದ ಕಲೆ ನಿಂತಿತು. ಅತ್ತೆ ಮಾತ್ರ, ಸೊಸೆಗೆ ಅರಿಶಿನ ಆಗಿಬರಲಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಎಂಥ ನಾಲಿಗೆ! ಮನೆ ಒಡೆಯಬಾರದೆಂದು ನಾನೂ ನುಂಗಿಕೊಂಡೆ.

ಈ ವರ್ಷ ಮೈದುನನಿಗೆ ಯರಗಟ್ಟಿಯ ಹುಡುಗಿ ಗೊತ್ತಾದಳು. ಆಕೆಯ ಗಲ್ಲದಲ್ಲೂ ಮೊಡವೆ ಗುಳಿಗಳಿವೆ. ನಿಶ್ಚಯದ ದಿನ ಊಟ ಮುಗಿದ ಮೇಲೆ ಅತ್ತೆ ಹುಡುಗಿಯ ಪಕ್ಕ ಸರಿದು ಕೂತು, ಸೀರೆ ಆರಿಸಲು ಕಿತ್ತೂರಿಗೆ ಒಬ್ಬಳೇ ಬಾ ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ತುಂಬಿದ ಪಡಸಾಲೆಯಲ್ಲಿ ಎದ್ದು ಹೋಗಿ, ಹುಡುಗಿಯ ಕೈ ಹಿಡಿದು ನನ್ನ ಗಲ್ಲದ ಮೇಲಿಟ್ಟುಕೊಂಡೆ.

"ಮುಟ್ಟಿ ನೋಡವಾ. ಇದು ಅರಿಶಿಣದ್ದಲ್ಲ. ನಿಮ್ಮತ್ತಿ ಕರಕೊಂಡು ಹೋಗಿ ಚುಚ್ಚಿಸಿದ ಸೂಜೀದು."

ಅತ್ತೆ ನನ್ನ ರಟ್ಟೆ ಹಿಡಿದು ಜಗ್ಗಿದಳು. "ಸುಮ್ಕ ಕುಂದ್ರ. ಮಂದಿ ನೋಡಾಕತ್ತಾರ."

"ನೋಡ್ಲಿ ಅಂತನ ಎದ್ದು ಬಂದೀನ್ರಿ," ಎಂದೆ.

ಹುಡುಗಿ ಕೈ ತೆಗೆಯಲಿಲ್ಲ.