ಗಿರಣಿ ನಿಂತ ಹೊತ್ತು

ನನ್ನ ಗಂಟಲು ದೊಡ್ಡದು. ಇದನ್ನು ಇಷ್ಟು ವರ್ಷ ಜಂಬದಿಂದಲೇ ಹೇಳಿಕೊಂಡು ಬಂದವನು ನಾನು. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಇಡೀ ದಿನ ಬೆಲ್ಟಿನ ಸದ್ದಿನ ನಡುವೆ ನಿಂತು ಗಿರಾಕಿಗಳ ಜೊತೆ ವ್ಯವಹರಿಸುವವನಿಗೆ ಮೆಲ್ಲಗೆ ಮಾತಾಡಲು ಬರುವುದಾದರೂ ಹೇಗೆ? ಅದರ ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು. ಒದ್ದೆ ರಾಗಿ ತಂದು ಬೀಸುವ ಕಲ್ಲಿಗೆ ಮೆತ್ತಿಸುವವರಿಗೆ ನಾನು ಬೈಯುವುದನ್ನು ಕೇಳಲೆಂದೇ ಕೆಲವರು ಬರುತ್ತಾರೆ ಎಂದು ಊರಲ್ಲಿ ತಮಾಷೆ ಮಾಡುತ್ತಾರೆ.

ಮನೆ ಇರುವುದು ಗಿರಣಿಯ ಎದುರಿನ ದಿಬ್ಬದ ಮೇಲೆ. ಹಳ್ಳ ದಾಟಿ ಹತ್ತಬೇಕು. ನಮ್ಮ ಕಡೆ ಮನೆಗಳು ದೂರ ದೂರ, ಹಾಗಾಗಿ ಕೂ ಹಾಕುವ ರೂಢಿ. ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಎಂದು ಉದ್ದಕ್ಕೆ ಕೂಗಿದರೆ ಆಚೆಯವರು ಹಾಗೆಯೇ ‘ಕೂ’ ಎಂದು ಓಗೊಡಬೇಕು. ಓಗೊಟ್ಟರೆ ಎಲ್ಲ ಸರಿಯಿದೆ ಎಂದು ಅರ್ಥ. ಇಲ್ಲವಾದರೆ ಏನೋ ಆಗಿದೆ, ಹಿಡಿದ ಕೆಲಸ ಬಿಟ್ಟು ಓಡಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಹಳ್ಳದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ನನ್ನ ಗಂಟಲಿಗೆ ನೆಟ್‌ವರ್ಕ್ ಬೇಕಾಗಿಲ್ಲ.

ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು, ಮೇಳಿಗೆಯ ರಸ್ತೆ ಬದಿಯ ಮನೆಯವಳು. ಅವರ ಮನೆಯಲ್ಲಿ ಕೂಗಿ ಕರೆಯುವ ಅಗತ್ಯವೇ ಬಿದ್ದಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಗಿರಣಿ ಬಾಗಿಲಲ್ಲಿ ನಿಂತು ಕೂ ಹಾಕಿದೆ. ಉತ್ತರವಿಲ್ಲ. ಮತ್ತೆ ಹಾಕಿದೆ. ಇಲ್ಲ. ಎದೆ ಬಾಯಿಗೆ ಬಂದಂತಾಗಿ ದಿಬ್ಬ ಹತ್ತಿ ಓಡಿದರೆ ಅವಳು ಜಗಲಿಯಲ್ಲಿ ಕೂತು ನಿರಾಳವಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ಅವತ್ತು ನಾನು ಕಿರುಚಿದ್ದು ಹಳ್ಳದಾಚೆಯ ಮನೆಗೂ ಕೇಳಿಸಿತಂತೆ. ಆಮೇಲೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗಿರಣಿ ನಿಂತಾಗಲೆಲ್ಲ ನಾನು ಕೂ ಹಾಕುತ್ತಿದ್ದೆ, ಅದು ಮುಗಿಯುವ ಮೊದಲೇ ಅವಳ ಕೂ ಬರುತ್ತಿತ್ತು. ‘ನಿಮ್ಮ ಮನೆಯವ್ರು ಎಷ್ಟ್ ಚುರುಕು ಮಾರಾಯ್ರೆ’ ಎಂದು ಗಿರಾಕಿಗಳು ಹೊಗಳಿದರೆ ನಾನು ಮೀಸೆ ತಿರುವುತ್ತಿದ್ದೆ. ಇಷ್ಟೊಂದು ಬೇಗ ಓಗೊಡುವುದು ಪ್ರೀತಿಯೇ ಎಂದು ತಿಳಿದುಕೊಂಡುಬಿಟ್ಟಿದ್ದೆ.

ಕಳೆದ ವರ್ಷ ಅವಳ ಪಿತ್ತಕೋಶದಲ್ಲಿ ಕಲ್ಲಾಯಿತು. ಊಟವಾದ ಮೇಲೆ ಪಕ್ಕೆ ಹಿಡಿದುಕೊಂಡು ಮುದುರಿ ಕೂರುತ್ತಿದ್ದಳು. ಸಾಗರದ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಆಪರೇಷನ್ ಆಗಲೇಬೇಕು, ಕಲ್ಲು ಜಾರಿ ನಾಳಕ್ಕೆ ಸಿಕ್ಕಿದರೆ ಜೀವಕ್ಕೇ ಅಪಾಯ ಎಂದರು. ದಿನ ಗೊತ್ತುಮಾಡಿಕೊಂಡು ಹೋದೆವು. ಬಿ.ಪಿ. ನೋಡಿದರೆ ಹಾರಿ ಕೂತಿತ್ತು. ಹೀಗಿರುವಾಗ ಅರಿವಳಿಕೆ ಕೊಡುವುದಿಲ್ಲ ಎಂದು ಮಾತ್ರೆ ಕೊಟ್ಟು ವಾಪಸ್ ಕಳಿಸಿದರು. ಮತ್ತೊಮ್ಮೆ ಹೋದಾಗಲೂ ಅದೇ ಕತೆ. ವಿಚಿತ್ರವೆಂದರೆ ಊರಿನ ಆರೋಗ್ಯ ಸಹಾಯಕಿ ಮನೆಗೆ ಬಂದು ನೋಡಿದಾಗಲೆಲ್ಲ ಅವಳ ಬಿ.ಪಿ. ಸರಿಯಾಗೇ ಇರುತ್ತಿತ್ತು. ಆ ಹೊತ್ತಲ್ಲಿ ನಾನು ಗಿರಣಿಯಲ್ಲಿರುತ್ತಿದ್ದೆ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಕತ್ತರಿ ಕಂಡರೆ ಹೆದರುತ್ತಾಳೆ, ಪುಕ್ಕಲಿ, ಎಂದು ತೀರ್ಮಾನಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಧೈರ್ಯ ಹೇಳಿದೆ. ನಾನು ಧೈರ್ಯ ಹೇಳಿದರೆ ಬಸ್ಸಿನ ಹಿಂದಿನ ಸೀಟಿನವರಿಗೂ ಕೇಳುತ್ತದೆ.

ಮೂರನೆಯ ಸಲ ಬಿ.ಪಿ. ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಗಲೂ ಮೇಲೆಯೇ ಇತ್ತು. ನನಗೆ ಯಾರದೋ ಫೋನ್ ಬಂದು ಹೊರಗೆ ಹೋದೆ. ನಾನು ಹೊರಗಿದ್ದಾಗ ಆಕೆ ಇನ್ನೊಮ್ಮೆ ನೋಡಿದರಂತೆ, ಇಳಿದಿತ್ತು. ನಾನು ಒಳಗೆ ಬಂದು, ‘ಎಂತ ಆಯ್ತು? ಇವತ್ತಾದ್ರೂ ಮಾಡ್ತಾರಂತಾ?’ ಎಂದು ಕೇಳುತ್ತಿರುವಾಗಲೇ ಆಕೆ ಮತ್ತೆ ಪಟ್ಟಿಗೆ ಗಾಳಿ ತುಂಬಿದರು. ಯಂತ್ರವನ್ನೂ ನೋಡಿದರು, ನನ್ನನ್ನೂ ನೋಡಿದರು. ‘ಸ್ವಲ್ಪ ಹೊರಗೆ ಕೂತ್ಕೊಳ್ಳಿ’ ಎಂದರು.

ಆಮೇಲೆ ತಮ್ಮ ಕೋಣೆಗೆ ನನ್ನೊಬ್ಬನನ್ನೇ ಕರೆದು, ನನ್ನ ದನಿ ಕೇಳಿದರೆ ಸಾಕು ಅವಳ ಬಿ.ಪಿ. ಏರುತ್ತದೆ ಎಂದು ಹೇಳಿದರು. ನನಗೆ ಉರಿದುಹೋಯಿತು.

‘ನಾನು ಒಂದು ದಿನ ಅವಳ ಮೇಲೆ ಕೈ ಎತ್ತಿದವನಲ್ಲ, ತಿಳೀತಾ!’ ಎಂದೆ.

‘ನೋಡಿ, ಈಗ ನನ್ನ ಎದೆಯೂ ಹೊಡ್ಕೊಳ್ತಿದೆ’ ಎಂದು ಡಾಕ್ಟರಮ್ಮ ನಕ್ಕರು. ‘ನೀವು ಹೊಡೆಯೋದಿಲ್ಲ ಅಂತ ನನ್ನ ಮನಸ್ಸಿಗೆ ಗೊತ್ತು. ನರಗಳಿಗೆ ಗೊತ್ತಿಲ್ಲ. ಅವು ಯೋಚನೆ ಮಾಡೋಕೆ ಕಾಯೋದಿಲ್ಲ. ದೊಡ್ಡ ದನಿ ಕಿವಿಗೆ ಬಿದ್ದ ಕೂಡಲೇ ಅಪಾಯ ಅಂತ ಮೈಗೆಲ್ಲ ಸುದ್ದಿ ಮುಟ್ಟಿಸ್ತಾವೆ. ಎದೆ ಜೋರಾಗಿ ಹೊಡ್ಕೊಳ್ಳತ್ತೆ, ರಕ್ತನಾಳ ಬಿಗಿಯಾಗತ್ತೆ, ಕೈ ತಣ್ಣಗಾಗತ್ತೆ, ಹೊಟ್ಟೆ ಕೆಲಸ ನಿಲ್ಲಿಸತ್ತೆ. ನಿಮಗೆ ಯಾವತ್ತೂ ಹಾಗೆ ಆಗಿಲ್ವಾ?’

ಆಗಿತ್ತು. ಹುಲಿಕಲ್ ಘಾಟಿಯ ತಿರುವಿನಲ್ಲಿ ಒಮ್ಮೆ ನನ್ನ ಸ್ಕೂಟರಿನ ಎದುರಿಗೇ ಕಾಡುಕೋಣ ಬಂದು ನಿಂತಿತ್ತು. ಬಾಯಿ ಒಣಗಿತು, ಕಾಲು ನನ್ನದಲ್ಲ ಎನ್ನಿಸಿತು. ಅದು ಕಾಡಿಗಿಳಿದು ಹೋದ ಮೇಲೂ ತುಂಬ ಹೊತ್ತು ಬೆರಳು ನಡುಗುತ್ತಿದ್ದವು. ಅದನ್ನು ಹೇಳಿದೆ.

‘ಅದು ಕಾಡಿಗೆ ಹೋಯ್ತು’ ಎಂದರು ಅವರು. ‘ಮನೆಗೆ ಬರಲಿಲ್ಲ.’

ಅವರು ಕಟುವಾಗಿ ಹೇಳಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. ಇನ್ನೊಂದು ದಿನ ಗೊತ್ತುಮಾಡಿ, ಅವತ್ತು ಜೊತೆಗೆ ಬೇರೆ ಯಾರಾದರೂ ಬರಲಿ ಎಂದರು.

ಆದರೂ ನಾನು ಪೂರ್ತಿ ನಂಬಿರಲಿಲ್ಲ. ನಂಬುವಂತೆ ಮಾಡಿದ್ದು ಮರುದಿನ ನನ್ನದೇ ಅತಿಬುದ್ಧಿ. ಕೂ ಹಾಕುವುದರಿಂದಲೇ ಅಲ್ಲವೇ ಇದೆಲ್ಲ, ಇವತ್ತು ಹಾಕುವುದೇ ಇಲ್ಲ ಎಂದು ನಿರ್ಧರಿಸಿ, ಮಧ್ಯಾಹ್ನ ಗಿರಣಿ ನಿಲ್ಲಿಸಿ, ಸದ್ದಿಲ್ಲದೆ ಹಿತ್ತಿಲ ದಾರಿ ಹಿಡಿದು ದಿಬ್ಬ ಹತ್ತಿದೆ. ಹಲಸಿನ ಮರದ ಹತ್ತಿರ ಬಂದಾಗ ಅವಳು ಕಂಡಳು. ಗಿರಣಿಯ ಸದ್ದು ನಿಂತದ್ದೇ ಅವಳು ಒಲೆ ಆರಿಸಿ ಅಂಗಳದ ತುದಿಗೆ ಬಂದಿರಬೇಕು. ಕೈಯಲ್ಲಿ ಸೌಟು ಹಾಗೇ ಇತ್ತು. ಹಳ್ಳದ ಕಡೆಗೆ ಮುಖ ಮಾಡಿ, ಭುಜ ಎರಡೂ ಕಿವಿಯ ಹತ್ತಿರಕ್ಕೆ ಎಳೆದುಕೊಂಡು, ಬಾಯಿ ಅರ್ಧ ತೆರೆದು ನಿಂತಿದ್ದಳು. ಉಸಿರಾಡುತ್ತಿದ್ದಂತೆ ಕಾಣಲಿಲ್ಲ. ನಾನು ಕೂಗುವ ಮೊದಲೇ ಉತ್ತರ ಸಿದ್ಧ ಮಾಡಿಕೊಂಡು ಕಾಯುತ್ತಿದ್ದಳು.

ಹೀಗೆ ದಿನವೂ ನಿಂತಿದ್ದಾಳೆ. ಕಾಫಿಗೆ, ಊಟಕ್ಕೆ, ಕರೆಂಟು ಹೋದಾಗ. ಕರೆಂಟು ಎಷ್ಟು ಸಲ ಹೋಗುತ್ತದೆ ನಮ್ಮಲ್ಲಿ! ಒಲೆ ಮೇಲಿನ ಹಾಲು ಉಕ್ಕಲಿ, ತಲೆ ಮೇಲೆ ಅರ್ಧ ನೀರು ಹಾಕಿಕೊಂಡಿರಲಿ, ಗಿರಣಿ ನಿಂತರೆ ಅವಳು ಅಂಗಳಕ್ಕೆ ಓಡಬೇಕು. ನಾನು ಅದನ್ನು ಚುರುಕುತನ ಎಂದಿದ್ದೆ. ಮರದ ಹಿಂದೆ ನಿಂತು ನನಗೆ ನಾಚಿಕೆಯಾಯಿತು, ಮುಖ ಎಲ್ಲಿಟ್ಟುಕೊಳ್ಳಲಿ ಎನ್ನುವಷ್ಟು. ಕೂಗಿ ಅವಳನ್ನು ಬಿಡಿಸೋಣವೆಂದರೆ ಕೂಗೇ ತಪ್ಪು, ಸುಮ್ಮನಿರೋಣವೆಂದರೆ ಅವಳು ಅಲ್ಲೇ ನಿಂತಿದ್ದಾಳೆ.

ಕೊನೆಗೆ ಅವಳೇ ಕೂ ಹಾಕಿದಳು. ಸಣ್ಣದಾಗಿ, ಪ್ರಶ್ನೆ ಕೇಳುವ ಹಾಗೆ. ನಾನು ಬೆಪ್ಪನ ಹಾಗೆ ಸುಮ್ಮನಿದ್ದೆ. ಮತ್ತೊಮ್ಮೆ ಹಾಕಿದಳು. ಆಮೇಲೆ ಸೌಟು ಬಿಸಾಡಿ ದಿಬ್ಬ ಇಳಿದು ಓಡತೊಡಗಿದಳು. ಪಕ್ಕೆ ನೋವಿನ ಹೆಂಗಸು, ಚಪ್ಪಲಿಯೂ ಇಲ್ಲದೆ. ನಾನು ಅಡ್ಡ ಹೋಗಿ ಹಿಡಿದುಕೊಂಡೆ. ಅವಳ ಕೈ ಹಿಮದಷ್ಟು ತಣ್ಣಗಿತ್ತು.

‘ಕೂ ಹಾಕ್ಲಿಲ್ಲ ಎಂತಕ್ಕೆ?’ ಎಂದು ಅತ್ತಳು. ‘ಬೆಲ್ಟಿಗೆ ಕೈ ಸಿಕ್ತು ಅಂದ್ಕೊಂಡೆ ನಾನು.’

ಕೂಗಿ ಹೆದರಿಸಿದ್ದು ಸಾಲದೆಂದು ಕೂಗದೆಯೂ ಹೆದರಿಸಿದ್ದೆ. ಅವಳನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟೆ. ಇನ್ನು ಮೇಲೆ ಕೂ ಬೇಡ, ಗಿರಣಿ ನಿಂತರೆ ನೀನು ಹೊರಗೆ ಬರುವುದು ಬೇಡ, ನನ್ನ ಊಟಕ್ಕೆ ನಾನೇ ಬರುತ್ತೇನೆ ಎಂದೆ. ‘ಆಯ್ತು’ ಎಂದಳು. ಆದರೆ ಮರುದಿನವೂ, ಅದರ ಮರುದಿನವೂ ನಾನು ಬರುವಾಗ ಅವಳು ಅಂಗಳದಲ್ಲೇ ನಿಂತಿದ್ದಳು. ‘ನಾನೆಲ್ಲಿ ಬಂದೆ? ಕಾಲು ತಾನಾಗೇ ಬರ್ತದೆ’ ಎಂದಳು.

ಆಪರೇಷನ್ ದಿನ ಅವಳ ಜೊತೆಗೆ ಹೋದದ್ದು ಅವಳ ತಂಗಿ. ನಾನು ಬೇರೆ ಬಸ್ಸಿನಲ್ಲಿ ಸಾಗರಕ್ಕೆ ಹೋದೆ. ಆಸ್ಪತ್ರೆಯ ಗೇಟಿನ ತನಕ ಹೋಗಿ, ಒಳಗೆ ಕಾಲಿಡುವ ಧೈರ್ಯವಾಗದೆ ಆಟೋ ಹಿಡಿದು ಹತ್ತಿರದ ತೀರ್ಥಕ್ಷೇತ್ರ ವರದಮೂಲಕ್ಕೆ ಹೋದೆ. ಕೊಳದ ಮೆಟ್ಟಿಲ ಮೇಲೆ ಕೂತು ಕೈ ಮುಗಿದರೆ ಏನು ಬೇಡಿಕೊಳ್ಳುವುದೆಂದು ತಿಳಿಯಲಿಲ್ಲ. ಅವಳಿಗೆ ಧೈರ್ಯ ಕೊಡು ಎನ್ನಲೇ? ಅವಳ ಧೈರ್ಯಕ್ಕೆ ಏನೂ ಆಗಿರಲಿಲ್ಲ. ಇಷ್ಟು ಹೊತ್ತು ಅವಳಿಗೆ ನನ್ನ ನೆನಪೇ ಬಾರದಿರಲಿ ಎಂದು ಬೇಡಿಕೊಂಡೆ. ಗಂಡನಾದವನು ಬೇಡಿಕೊಳ್ಳುವ ಮಾತೇ ಅದು? ಕಣ್ಣು ತುಂಬಿತು. ಅಷ್ಟರಲ್ಲಿ ತಂಗಿಯ ಫೋನ್ ಬಂತು: ‘ಭಾವ, ಬಿ.ಪಿ. ಸರಿ ಇತ್ತು. ಒಳಗೆ ಕರ್ಕೊಂಡು ಹೋದ್ರು.’ ಸಂತೋಷಪಡಬೇಕಾದ ಸುದ್ದಿ. ಸಂತೋಷಪಟ್ಟೆ ಕೂಡ. ಅದರ ಜೊತೆಗೇ ಯಾರೋ ನನ್ನ ಮೇಲೆ ತೀರ್ಪು ಓದಿ ಹೇಳಿದಂತಾಯಿತು.

ಆಪರೇಷನ್ ಸುಸೂತ್ರವಾಗಿ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮನನ್ನು ಕೇಳಿಕೊಂಡು ಒಳಗೆ ಹೋದೆ. ದಾರಿಯಲ್ಲೆಲ್ಲ ಮೆಲ್ಲಗೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಅವಳು ದಿಂಬಿಗೊರಗಿ ಕೂತು ತಂಗಿಯ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ಅವಳು ಹಾಗೆ ಬಾಯ್ತುಂಬ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನನ್ನನ್ನು ನೋಡಿ ನಗು ನಿಲ್ಲಿಸಿ, ಸೆರಗು ಸರಿ ಮಾಡಿಕೊಂಡು, ‘ಬಂದ್ರಾ? ತಿಂಡಿ ಆಯ್ತಾ?’ ಎಂದಳು. ತಂಗಿ ಫ್ಲಾಸ್ಕ್ ಹಿಡಿದು ಹೊರಗೆ ಹೋದಳು.

ಮಂಚದ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು. ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ನನಗೇ ಕೇಳಿಸದಷ್ಟು ಮೆಲ್ಲಗೆ ಆಡಿದೆ.

‘ನಿಜ ಹೇಳು. ನಿಂಗೆ ನನ್ನ ಕಂಡ್ರೆ...’

‘ಇಲ್ಲ, ಇಲ್ಲಪ್ಪ’ ಎಂದುಬಿಟ್ಟಳು, ನಾನು ಕೇಳಿ ಮುಗಿಸುವ ಮೊದಲೇ.

ಮುಖದಲ್ಲಿ ನಗುವಿತ್ತು. ಆದರೆ ನನ್ನ ಅಂಗೈಯೊಳಗಿದ್ದ ಅವಳ ಬೆರಳುಗಳು ಒಂದೊಂದಾಗಿ ತಣ್ಣಗಾಗುತ್ತಿದ್ದವು. ನಾನು ಕೈ ಬಿಟ್ಟು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.