ಕೊನೆಯ ಪಿರಿಯಡ್ಡಿನ ಅತಿಥಿ

ಮೇಷ್ಟ್ರು ಬೋರ್ಡಿನ ಮೇಲೆ ಮಸೂರದ ಚಿತ್ರ ಬಿಡಿಸುತ್ತಿದ್ದಾಗ ಪಕ್ಕದ ತರಗತಿಯಲ್ಲಿ ನಗು ಎದ್ದಿತು. ನಡುವೆ ಇರುವುದು ಬರೀ ಪ್ಲೈವುಡ್ಡಿನ ಗೋಡೆ. ಆ ನಗುವಿನಲ್ಲಿ ತಮ್ಮ ಮಗಳ ದನಿಯೂ ಕೇಳಿಸಿ ಅವರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಮಕ್ಕಳು ಬೆನ್ನ ಹಿಂದೆ ಅವರನ್ನು ಸೂತ್ರದ ಮೇಷ್ಟ್ರು ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಆ ಶಾಲೆಯಲ್ಲಿ ಭೌತಶಾಸ್ತ್ರ ಎಂದರೆ ಅವರೇ. ಈಗ ಎಲ್ಲ ವಿಷಯ ಓದುತ್ತಿದ್ದ ಮಗಳು ಮುಂದಿನ ವರ್ಷ ಒಂದು ಮುಖ್ಯ ವಿಷಯ ಆರಿಸಿಕೊಳ್ಳಬೇಕಿತ್ತು. ಅವಳು ತಮ್ಮ ವಿಷಯವನ್ನೇ ಆರಿಸುತ್ತಾಳೆಂದು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದರು.

ಪಕ್ಕದ ತರಗತಿ ಜೀವಶಾಸ್ತ್ರದ ಮಿಸ್‌ದು. ಶುಕ್ರವಾರದ ಕೊನೆಯ ಪಿರಿಯಡ್ಡಿಗೆ ಆಕೆ ಒಬ್ಬ ಅತಿಥಿಯನ್ನು ಕರೆತರುತ್ತಿದ್ದರು. ಬಂದವರು ತಮ್ಮ ಉದ್ಯೋಗ ಹೇಳುವಂತಿಲ್ಲ. ಮಕ್ಕಳು ಪ್ರಶ್ನೆ ಕೇಳಿ, ಯಾವ ಪಾಠ ಯಾವ ಕೆಲಸಕ್ಕೆ ಬಂತೆಂದು ಪತ್ತೆ ಹಚ್ಚಬೇಕು. ಅಂದು ಬಂದಿದ್ದವಳು ಕೃತಕ ಕಣ್ಣುಗಳಿಗೆ ಬಣ್ಣ ಬರೆಯುವ ಹೆಂಗಸು.

ಸಂಜೆ ಮಗಳು ಮೇಷ್ಟ್ರ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿದಳು.

"ಅಪ್ಪ, ಅಲ್ಲಾಡಬೇಡಿ. ನಿಮ್ಮ ಕಣ್ಣಲ್ಲಿ ಹಸಿರು ಚುಕ್ಕೆ ಇದೆ! ನಿಮಗೆ ಗೊತ್ತಿತ್ತಾ?"

"ಮೊನ್ನೆ ತಾನೇ ಕಣ್ಣಿನ ಪಾಠ ಮಾಡಿದ್ನಲ್ಲೇ. ಆಗ ಆಕಳಿಸ್ತಾ ಕೂತಿದ್ದೆ."

"ಅದು ಬರೀ ಪಾಠ ಅಲ್ವಾ ಅಪ್ಪ."

ಅವರು ಮುಖ ಬಿಡಿಸಿಕೊಂಡು ಪೇಪರು ಎತ್ತಿಕೊಂಡರು.

ಸೋಮವಾರ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ಸುಮ್ಮನಿರಲಿಲ್ಲ. "ಏನ್ ಸಾರ್, ಮಗಳು ಪಕ್ಷಾಂತರ ಮಾಡ್ತಾಳಂತೆ?"

"ಅವರದು ಬರೀ ಸರ್ಕಸ್ಸು ಕಣಯ್ಯಾ," ಎಂದು ಮೇಷ್ಟ್ರು ಮೂಗು ಮುರಿದರು. ಆದರೆ ಅದೇ ವಾರ ತಾವೂ ಒಬ್ಬ ಅತಿಥಿಯನ್ನು ಗೊತ್ತುಮಾಡಿದರು. ಕಿವುಡರಿಗೆ ಶ್ರವಣಯಂತ್ರ ಹೊಂದಿಸಿಕೊಡುವವನು, ಮೆಲುದನಿಯ ಮನುಷ್ಯ. ಶುಕ್ರವಾರದ ಕೊನೆಯ ಪಿರಿಯಡ್ಡಿಗೆ ಮಿಸ್ ತಮ್ಮ ಮಕ್ಕಳನ್ನೂ ಕರೆತಂದು ಹಿಂದಿನ ಬೆಂಚುಗಳಲ್ಲಿ ಕೂರಿಸಿದರು. ಮಗಳೂ ಬಂದಳು.

"ನಿಮ್ಮ ಕೆಲಸದಲ್ಲಿ ತುಂಬಾ ಕಷ್ಟದ್ದು ಯಾವುದು?" ಎಂದು ಒಬ್ಬಳು ಕೇಳಿದಳು.

"ಮೊದಲನೇ ಸಲ ಶಬ್ದ ಕೇಳಿದಾಗ ಕೆಲವರು ಹೆದರಿ..." ಎಂದು ಅವನು ಶುರುಮಾಡಿದ.

"ಶಬ್ದ ಎಂದರೇನು? ಎಲ್ಲರೂ ಹೇಳಿ!" ಎಂದರು ಮೇಷ್ಟ್ರು.

ಮಕ್ಕಳು ಒಕ್ಕೊರಲಿನಿಂದ ವ್ಯಾಖ್ಯೆ ಒಪ್ಪಿಸಿದರು. ಮತ್ತೆ ಅವನು ಬಾಯಿ ತೆರೆದಾಗ ಆವರ್ತನದ ಸೂತ್ರ ಬಂತು. ಆಮೇಲೆ ಅದರ ಏಕಮಾನ. ಮಿಸ್ ಹಿಂದಿನಿಂದ, "ಸಾರ್, ಅವರು ಏನೋ ಹೇಳ್ತಿದ್ರು," ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಬೆಲ್ಲು ಹೊಡೆಯಿತು. ಅತಿಥಿ ಕೈಮುಗಿದು ಹೊರಟ. ಅವನ ಉದ್ಯೋಗ ಏನೆಂದು ಯಾರೂ ಊಹಿಸಿರಲಿಲ್ಲ, ಕೇಳಲೂ ಇಲ್ಲ.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದಿನಿಂದ ಮಗಳು ಹೇಳಿದಳು: "ಪಾಪ, ಅವರಿಗೆ ಮಾತಾಡೋಕೆ ಬಿಡಬೇಕಿತ್ತು ಅಪ್ಪ."

"ನಿನ್ನ ಮಿಸ್ ಆಗಿದ್ರೆ ಬಿಡ್ತಿದ್ರು, ಅಲ್ವಾ?"

"ಹೂಂ."

ಎರಡು ತಿರುವು ದಾಟಿದ ಮೇಲೆ ಮೇಷ್ಟ್ರು ಕೇಳಿದರು:

"ಯಾವ ವಿಷಯ ತಗೋತೀಯ?"

"ಜೀವಶಾಸ್ತ್ರ. ಬೇಜಾರಾ?"

"ನಂಗ್ಯಾಕೆ ಬೇಜಾರು?" ಎಂದು ಅವರು ಸುಮ್ಮನೆ ಹಾರ್ನ್ ಒತ್ತಿದರು. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಕಣ್ಣಿಗೆ ಬಣ್ಣ ಬರೆಯೋಕೆ ಬೆಳಕಿನ ಪಾಠನೂ ಬೇಕಂತೆ. ಅದನ್ನ ನಿಮ್ಮಪ್ಪನ ಹತ್ರ ಹೇಳಿಸ್ಕೋ, ಅವರಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅಂದ್ರು ಮಿಸ್."

ಹೊಗಳಿಕೆಯೂ ಆಕೆಯ ಬಾಯಿಂದಲೇ ಬರಬೇಕೇ ಎಂದು ಮೇಷ್ಟ್ರು ಇನ್ನೊಮ್ಮೆ ಹಾರ್ನ್ ಒತ್ತಿದರು.

ಈ ಬೇಸಿಗೆ ರಜೆಯಲ್ಲಿ ಮಗಳು ಕೃತಕ ಕಣ್ಣಿಗೆ ಬಣ್ಣ ಬರೆಯುವ ಆ ಹೆಂಗಸಿನ ಕಾರ್ಯಾಗಾರಕ್ಕೆ ಕೆಲಸ ಕಲಿಯಲು ಹೋಗುತ್ತಾಳೆ. ಮೊದಲ ದಿನ ಅವಳ ಜೊತೆಗೆ ಹೋಗುವವರು ಮೇಷ್ಟ್ರಲ್ಲ, ಮಿಸ್.