ಅತ್ತೆಯ ಕಾಲಿಗೆ ನನ್ನ ನಾಡಿ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಚೀನೀ ಹಲ್ಲಿನ ಡಾಕ್ಟರ ಅಂಗಡಿ ಮಂಡ್ಯದ ಪೇಟೆ ಬೀದಿಯಲ್ಲಿತ್ತು ಎಂದು ನಾನು ಬರೆಯುತ್ತಿದ್ದೇನೆ. ಅಮ್ಮ ಮಾತ್ರ ಅದು ಮೈಸೂರು ಎನ್ನುತ್ತಿದ್ದಳು. ನಾನಾಗ ಎಂ.ಎ. ಮೊದಲ ವರ್ಷದಲ್ಲಿದ್ದೆನೋ ಎರಡನೆಯದರಲ್ಲೋ, ಅದೂ ಗೊತ್ತಿಲ್ಲ. ಎಪ್ಪತ್ತರ ದಶಕದ ಮೊದಲ ಭಾಗ ಎಂಬುದಷ್ಟೇ ಖಚಿತ. ಮದ್ದೂರಿನ ಬಸ್ ನಿಲ್ದಾಣದ ಹಿಂದಿದ್ದ ಮಾವನ ಹೋಟೆಲಿನಲ್ಲಿ ಇನ್ನೂ ಸೌದೆ ಒಲೆ ಉರಿಯುತ್ತಿತ್ತು.

ಆ ಒಲೆಯ ಮುಂದೆ ನಿಲ್ಲುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಅವಳು ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ರಜೆಗೆ ಹೋಗಿದ್ದಾಗ ಬೆನ್ನುಜ್ಜಲು ನನ್ನನ್ನು ಬಚ್ಚಲಿಗೆ ಕರೆದಳು. ಆಗ ಅವಳ ಬಲಗಾಲನ್ನು ಕಂಡೆ. ಮೀನಖಂಡದ ತುಂಬ ನೀಲಿ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿದ್ದವು. ಪಾದದ ಹರಡಿನ ಹತ್ತಿರ ಚರ್ಮ ಕಪ್ಪಗಾಗಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು.

"ಯಾರ್ಗೂ ಯೋಳ್ಬ್ಯಾಡ ಕಣೆ," ಎಂದಳು.

"ಆಸ್ಪತ್ರೆಗೆ ಹೋಗಣ ಬಾ ಅತ್ತೆ."

"ಆ ಡಾಕ್ಟ್ರು ಸೀರೆ ಮೇಲಕ್ಕೆತ್ತು ಅಂತಾನೆ. ಮೂರು ಮಕ್ಳಾದ್ರೂ ಒಬ್ರಿಗೂ ಮೊಣಕಾಲು ತೋರಿಸ್ದೋಳಲ್ಲ ನಾನು."

"ಹಂಗಾದ್ರೆ ಮಕ್ಳು ಎಲ್ಲಿಂದ ಬಂದ್ವು?"

ಒದ್ದೆ ಕೈಯಲ್ಲೇ ನನ್ನ ಬೆನ್ನಿಗೆ ಒಂದು ಬಿಟ್ಟಳು. "ಕಾಲೇಜು ಸೇರಿ ಬಾಯಿ ಬಂದದೆ ನಿಂಗೆ. ಕತ್ಲಲ್ಲಿ ಯಾವ್ ಗಂಡ್ಸು ಕಾಲ್ ನೋಡ್ತಾನೆ, ಬುಡು."

ಚೀನೀ ಡಾಕ್ಟರ ಸುದ್ದಿ ಅವಳಿಗೆ ಹೋಟೆಲಿನ ಗಿರಾಕಿಗಳ ಮಾತಿನಿಂದ ಗೊತ್ತಾಗಿತ್ತು. ಹಲ್ಲು ಕೀಳುವವನು ಮಗ. ಅವನ ವಯಸ್ಸಾದ ತಂದೆ ಒಳಕೋಣೆಯಲ್ಲಿ ಕೂತು ಅವರ ಕಡೆಯ ಬೇರು ನಾರು ಕೊಡುತ್ತಾರೆ, ಮುಂಗೈ ಹಿಡಿದೇ ಮೈಯೊಳಗಿನ ರಕ್ತ ಎಲ್ಲಿ ಕಟ್ಟಿದೆ ಎಂದು ಹೇಳುತ್ತಾರೆ ಎನ್ನುವುದು ಆ ಸುದ್ದಿ. ಕಾಲು ತೋರಿಸುವ ಮಾತೇ ಇಲ್ಲ. ಆದರೆ ಹೊರಡುವ ದಿನ ಅತ್ತೆಗೆ ಅದೂ ಆಗಲಿಲ್ಲ.

"ಪರಗಂಡ್ಸಿನ ಕೈಗೆ ಕೈ ಕೊಟ್ಟೆ ಅಂದ್ರೆ ನಿಮ್ಮಾವ ಸುಮ್ಕಿರ್ತಾರಾ? ನೀನೇ ಓಗ್ಬುಟ್ಟು ಬಾ. ನಮ್ಮಣ್ಣನ ಮಗಳಲ್ವಾ ನೀನು. ನಂದೂ ನಿಂದೂ ಒಂದೇ ರಕ್ತ. ನಿನ್ ಕೈಲಿ ಓಡೋದೂ ಅದೇಯಾ."

ನಮ್ಮ ಮನೆಗಳಲ್ಲಿ ಒಬ್ಬರ ಹರಕೆಯನ್ನು ಇನ್ನೊಬ್ಬರು ತೀರಿಸುತ್ತಿದ್ದರು, ತಂಗಿಯ ಉಪವಾಸವನ್ನು ಅಕ್ಕ ಮಾಡುತ್ತಿದ್ದಳು. ಅತ್ತೆಗೆ ಇದೂ ಹಾಗೆಯೇ ಕಂಡಿರಬೇಕು. ನನಗೆ ಹಾಗೆ ಕಾಣಬಾರದಿತ್ತು. ಆದರೂ ಬಸ್ಸು ಹತ್ತಿದೆ.

ಮುದುಕರು ಮೂರು ಬೆರಳನ್ನು ನನ್ನ ಮುಂಗೈ ಮೇಲಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಕೈ. ತಮ್ಮ ಭಾಷೆಯಲ್ಲಿ ಏನೋ ಅಂದರು. ಮಗ ನಮ್ಮೂರವರಂತೆಯೇ ಕನ್ನಡ ಆಡುತ್ತಿದ್ದ.

"ಬಸ್ಸಿಗೆ ಓಡ್ಬಂದ್ರಾ ಅಂತ ಕೇಳ್ತಾವ್ರೆ ಅಪ್ಪ. ಎದೆ ಅಷ್ಟು ಹೊಡ್ಕೊತಾ ಅದೆಯಂತೆ."

ಇಲ್ಲ ಎಂದೆ. ಕಾಲಿನ ನರ ಉಬ್ಬಿದೆ, ನಿಂತರೆ ಭಾರ, ರಾತ್ರಿ ಸೆಳೆತ ಎಂದು ಅತ್ತೆಯದನ್ನೆಲ್ಲ ನನ್ನದೇ ಎಂಬಂತೆ ಒಪ್ಪಿಸಿದೆ. ಮಗ ಕಾಲು ತೋರಿಸಿ ಎಂದ. ನಾನು ಎರಡೂ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡೆ. ಬಾಗಿಲ ಹತ್ತಿರ ಕೆನ್ನೆ ಊದಿಸಿಕೊಂಡು ಕೂತಿದ್ದ ಹೆಂಗಸು ನೋವಿನ ನಡುವೆಯೂ ಅಂದಳು: "ತೋರ್ಸವ್ವಾ, ಡಾಕ್ಟ್ರ ಮುಂದೆ ಎಂತಾ ನಾಚ್ಕೆ."

"ಮಕ್ಕಳೆಷ್ಟು?" ಎಂದು ಮಗ ಕೇಳಿದ.

"ಮೂರು," ಎಂದೆ.

ಆ ಹೆಂಗಸು ನನ್ನ ಕೊರಳು ನೋಡಿದಳು. ಅಲ್ಲಿ ತಾಳಿ ಇರಲಿಲ್ಲ. ಆಮೇಲೆ ಬಗ್ಗಿ ಬೆಂಚಿನ ಕೆಳಗೆ ಕಾಲುಂಗುರವಿಲ್ಲದ ಕಾಲ್ಬೆರಳು ನೋಡಿದಳು. ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡಳು. ಆ ಕ್ಷಣ ಬಿಸಿಯಾದ ನನ್ನ ಕಿವಿ ಈಗಲೂ ಬರೆಯುವಾಗ ಬಿಸಿಯಾಗುತ್ತದೆ. ಅಂಗಡಿ ಯಾವ ಊರಲ್ಲಿತ್ತು ಎಂಬುದು ಮರೆತಿದೆ, ಇದು ಮರೆತಿಲ್ಲ.

ಮಗ ಕೊಟ್ಟ ಕಾಗದದ ಪೊಟ್ಟಣದಲ್ಲಿ ಇಟ್ಟಿಗೆ ಬಣ್ಣದ ಬೇರಿನ ಬಿಲ್ಲೆಗಳು, ತೊಗಟೆ, ಕುಸುಬೆ ಹೂವಿನಂಥ ಎಸಳು. ಕಟ್ಟಿ ನಿಂತ ರಕ್ತವನ್ನು ಇದು ನಡೆಸುತ್ತದೆ, ಮಡಕೆಯಲ್ಲಿ ಕುದಿಸಿ ಅರ್ಧಕ್ಕೆ ಇಳಿಸಿ ಎಂದ. ಅತ್ತೆ ಅದನ್ನು ಹೋಟೆಲಿನ ಹಿಂದಿನ ಒಲೆಯಲ್ಲಿ ಕುದಿಸಿ, ಕೆಮ್ಮಿನ ಕಷಾಯ ಎಂದು ಹೇಳಿ ಕುಡಿದಳು. ಕಾಲು ಹಗುರಾಗಿದೆ ಎಂದೂ ನನಗೆ ಹೇಳಿದಳು. ಕುಡಿದದ್ದು ನನ್ನ ನಾಡಿಗೆ ಕೊಟ್ಟ ಮದ್ದು.

ಪೊಟ್ಟಣ ಮುಗಿಯುವ ಮೊದಲೇ ಅದು ಆಯಿತು. ಬೆಳಗಿನ ಹೊತ್ತು, ಬಸ್ಸಿನವರೆಲ್ಲ ತಿಂಡಿಗೆ ಕೂತಿದ್ದರು. ನಾನು ಒಳಗೆ ಚಟ್ನಿ ಬಗ್ಗಿಸುತ್ತಿದ್ದೆ. ಒಲೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ, ಅತ್ತೆಯ ಪಾದದ ಸುತ್ತ, ರಕ್ತ ಹರಡುತ್ತಿತ್ತು. ನನಗಿಂತ ಮೊದಲು ಅದನ್ನು ಕಂಡವರು ಮಾವನ ತಾಯಿ.

"ಮುಟ್ಟಾದೋಳು ಒಲೆ ಮುಂದೆ ನಿಂತವ್ಳಲ್ಲಾ," ಎಂದು ಹೊರಗೆ ಕೇಳುವ ಹಾಗೆ ಕೂಗಿದರು. "ಮಾಡಿದ್ದೆಲ್ಲಾ ತಿಪ್ಪೆಗೆ ಸುರೀರಿ."

"ಅದಲ್ಲ ಕಣತ್ತೆ," ಎಂದಳು ನನ್ನ ಅತ್ತೆ.

"ಅದಲ್ದೆ ಇನ್ನೇನು? ನಾನೇನು ಕುರುಡೀನಾ?"

ಹೊರಗೆ ಒಬ್ಬ ಎಲೆಯಿಂದ ಕೈ ತೆಗೆದ. ಇನ್ನೊಬ್ಬ ಎದ್ದ. ಮಾವ ಗಲ್ಲಾ ಬಿಟ್ಟು ಒಳಬಾಗಿಲಿಗೆ ಬಂದು ನಿಂತರು. ಅತ್ತೆಯನ್ನು ಬಿಟ್ಟರೆ ನಿಜ ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ತೆರೆದೆ ಎಂದು ನನ್ನ ನೆನಪು ಪ್ರತಿ ಸಲ ಹೇಳುತ್ತದೆ. ಆದರೆ ಏನು ಹೇಳಿದೆ ಎಂದು ಕೇಳಿದರೆ ಅದರ ಹತ್ತಿರ ಒಂದು ಪದವೂ ಇಲ್ಲ.

ಅತ್ತೆ ಬಾಗಿಲಿಗೆ ಬಂದು ಗಿರಾಕಿಗಳ ಕಡೆ ತಿರುಗಿದಳು. ಎರಡೂ ಕೈಯಲ್ಲಿ ಸೀರೆ ಹಿಡಿದು ಮೊಣಕಾಲಿನವರೆಗೆ ಎತ್ತಿದಳು. ಹರಡಿನ ಮೇಲಿನ ತೆಳು ಚರ್ಮ ಒಡೆದು ರಕ್ತ ಸಣ್ಣ ಎಳೆಯಾಗಿ ಚಿಮ್ಮುತ್ತಿತ್ತು.

"ಕಾಲಿಂದು," ಎಂದಳು. "ನೋಡ್ಕಳಿ. ಇಡ್ಲಿಗೇನಾಗಿಲ್ಲ."

ಎಲ್ಲರೂ ನೋಡಿದರು. ನಾನು ನೆಲ ನೋಡಿದೆ.

ಮಾವ ಹೆಗಲ ಟವಲಿನಿಂದ ಕಾಲು ಬಿಗಿದರು. ಆಸ್ಪತ್ರೆಯಲ್ಲಿ ಮಲಗಿಸಿ, ಕಾಲು ಎತ್ತಿ ಹಿಡಿದು ಗಾಯ ಒತ್ತಿದ ಮೇಲೆ ರಕ್ತ ನಿಂತಿತು. ಒಲೆ ಮುಂದೆ ನಿಂತೂ ನಿಂತೂ ಹೀಗಾಗಿದೆ ಎಂದರು ಡಾಕ್ಟರು. ಅವರನ್ನು ಪಕ್ಕಕ್ಕೆ ಕರೆದು ಕಷಾಯದ ವಿಷಯ ಹೇಳಿದೆ. ಚರ್ಮ ಅಷ್ಟು ಸವೆದಿದ್ದರೆ ಹೇಗೂ ಒಡೆಯುತ್ತಿತ್ತು, ಆ ಬೇರು ಏನೆಂದು ತಿಳಿಯದೆ ಏನೂ ಹೇಳಲಾರೆ ಎಂದರು. ಆ ಮಾತಿನ ಮೊದಲ ಅರ್ಧವನ್ನು ಬಹಳ ವರ್ಷ ಹಿಡಿದುಕೊಂಡಿದ್ದೆ.

ಆಮೇಲೆ ಅತ್ತೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದಳು. ಊಟ ಬಡಿಸಲು ಹೊರಗೆ ಮಾತ್ರ ಬರಲಿಲ್ಲ. ಆ ಗಿರಾಕಿಗಳಲ್ಲಿ ಯಾರಾದರೂ ಹೇಗಿದೆ ಅವ್ವಾ ಕಾಲು ಎಂದು ಕೇಳಿದರೆ ಒಳಗೆ ಪಾತ್ರೆಯ ಸದ್ದು ಜೋರಾಗುತ್ತಿತ್ತು.

ಮುಂದಿನ ರಜೆಯಲ್ಲಿ ಒಂದು ಮಧ್ಯಾಹ್ನ ಹೋಟೆಲು ಖಾಲಿಯಿತ್ತು. ಮಾವ ಗಲ್ಲಾದ ಮುಂದೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಒಂದು ಮಾತು ಕೇಳಿದೆ. ಅವರು ಎಲೆಗೆ ಸುಣ್ಣ ಸವರಿದರು, ಮಡಿಸಿದರು, ಬಾಯಿಗಿಟ್ಟುಕೊಂಡು ರಸ್ತೆ ನೋಡಿದರು. ನಾನು ಕೇಳಿದ್ದು ಇಷ್ಟೇ:

"ಮಾವ, ಅವತ್ತಿಗೆ ಮುಂಚೆ ಅತ್ತೆ ಕಾಲನ್ನ ನೀವು ಒಂದ್ಸಲಾನೂ ನೋಡಿರ್ಲಿಲ್ವಾ?"